ಆಣೆ ಮಾಡಿ ರಾಜ್ಯ ಬಿಟ್ಟ ಕಾಕಾ

ನಮ್ಮ ಕಾಗವಾಡದ ಕಡೆ ದಿನಕ್ಕೊಬ್ಬರಾದರೂ ಏನನ್ನಾದರೂ ಬಿಟ್ಟೆನೆಂದು ಆಣೆ ಮಾಡುತ್ತಾರೆ. ನಾನು ಸ್ಪರ್ಧಾ ಪರೀಕ್ಷೆಯವರಿಗೆ ಇಂಗ್ಲಿಷ್ ಕಲಿಸುವವನಾದ್ದರಿಂದ, ಆ ಆಣೆಗಳಿಗೆಲ್ಲ ಲ್ಯಾಟಿನ್ ಮೂಲ ಒದಗಿಸುವ ಭಾಗ್ಯ ನನ್ನದು.

ಹಾಗಲಕಾಯಿ

ಒಂದು ದಿನ ಪಾಠದಲ್ಲಿ ‘ಅಬ್ಜ್ಯೂರ್’ ಎಂಬ ಕ್ರಿಯಾಪದ ಬಂತು. ನನಗೆ ಬಲು ಪ್ರೀತಿಯ ಪದ. ಉತ್ಸಾಹಕ್ಕೆ ಸೀಮೆಸುಣ್ಣ ಮುರಿಯಿತು.

‘ಬರೀ ಬಿಡೋದಲ್ಲ, ಆಣೆ ಮಾಡಿ ಬಿಡೋದು. ಲ್ಯಾಟಿನ್‌ನಲ್ಲಿ ಅಬ್ ಅಂದರೆ ದೂರ, ಜುರಾರೆ ಅಂದರೆ ಆಣೆ ಮಾಡು’ ಎಂದೆ.

ಜೈನರ ಹುಡುಗಿಯೊಬ್ಬಳು ಎದ್ದಳು. ‘ಸರ್, ನಮ್ಮವ್ವ ಚಾತುರ್ಮಾಸದಾಗ ಮುನಿಗಳ ಮುಂದ ನೇಮಾ ಮಾಡಿ ಬದನಿಕಾಯಿ ಬಿಡ್ತಾಳ್ರಿ. ಅದು ಅಬ್ಜ್ಯೂರ್ ಏನ್ರಿ?’

‘ಹೌದು.’

‘ನಮ್ಮಪ್ಪ ಹಾಗಲಕಾಯಿ ಬಿಟ್ಟಾನ್ರಿ.’

‘ಅದೂ ಅಬ್ಜ್ಯೂರೇ.’

‘ಅಂವ ಹುಟ್ಟಿದಾಗಿಂದ ಅದನ್ನ ಬಾಯಾಗ ಇಟ್ಟಿಲ್ರಿ.’

ಇದಕ್ಕೆ ಲ್ಯಾಟಿನ್‌ನಲ್ಲಿ ವ್ಯವಸ್ಥೆ ಇಲ್ಲ.

ಮೊಣಕಾಲುದ್ದ ನೀರು

ಪಾಠ ನಡೆಯುವ ಕೋಣೆಯ ಮಾಲೀಕರನ್ನು ನಾವೆಲ್ಲ ಕಾಕಾ ಎನ್ನುತ್ತೇವೆ. ಕೈಯಾರೆ ಹಚ್ಚಿದ ದ್ರಾಕ್ಷಿ ತೋಟ ಅವರ ಜೀವ. ಇನ್ನೂ ಮದುವೆಯಾಗದ ಮಗ ಅದನ್ನು ಕಿತ್ತು ಕಬ್ಬು ಹಚ್ಚುತ್ತೇನೆಂದು ಹಟ ಹಿಡಿದಿದ್ದ. ಕಾಕಾ ಬಾಗಿಲಲ್ಲಿ ನಿಂತು ಪಾಠ ಕೇಳುತ್ತಿದ್ದರು.

ನಾನು ಚರಿತ್ರೆಗೆ ಇಳಿದೆ. ಹಿಂದೆ ಇಂಗ್ಲೆಂಡಿನಲ್ಲಿ ಅಪರಾಧಿ ಚರ್ಚು ಹೊಕ್ಕರೆ, ತಪ್ಪೊಪ್ಪಿಕೊಂಡು ರಾಜ್ಯ ಬಿಡುತ್ತೇನೆಂದು ಆಣೆ ಮಾಡಿ ಪ್ರಾಣ ಉಳಿಸಿಕೊಳ್ಳಬಹುದಿತ್ತು. ಬಂದರಿಗೆ ನಡೆಯಬೇಕು. ಹಡಗು ಸಿಗದಿದ್ದರೆ, ಹೊರಡುವ ಮನಸ್ಸಿದೆ ಎಂದು ತೋರಿಸಲು ದಿನಾ ಮೊಣಕಾಲುದ್ದ ಸಮುದ್ರಕ್ಕೆ ಇಳಿಯಬೇಕು.

‘ಚಲೋ ಕಾಯ್ದೆ ಐತಿ’ ಎಂದರು ಕಾಕಾ. ಸಂಜೆಗೆ ಮನೆಯಲ್ಲಿ ದೇವರ ಮುಂದೆ ಆಣೆಯಾಯಿತು: ‘ಬಳ್ಳಿಗೆ ಕೊಡ್ಲಿ ಹಚ್ಚಾವ್ರಿದ್ರ, ನಾ ಈ ಕರ್ನಾಟಕಾನ ಬಿಟ್ಟೆ.’

ನಮ್ಮೂರ ಗಡಿ ದಾಟಿದರೆ ಮಹಾರಾಷ್ಟ್ರದ ಮಿರಜ. ಮಗ ಹೇಳಿದ: ‘ಮಿರಜ ಬಸ್ ಅರ್ಧಾ ತಾಸಿಗೊಂದು ಐತಿ, ಅಪ್ಪಾ.’

ಬಂದರು

ಮರುದಿನದಿಂದ ಕಾಕಾ ಚೀಲ ಹಿಡಿದು ಬಸ್ ನಿಲ್ದಾಣದಲ್ಲಿ ನಿಂತರು. ಬಸ್ ಬರುತ್ತಿತ್ತು, ಹೋಗುತ್ತಿತ್ತು. ಮಧ್ಯಾಹ್ನ ಮನೆಯಿಂದ ಬುತ್ತಿ ಬರುತ್ತಿತ್ತು. ಸಂಜೆ ಅವರು ಮನೆಗೆ ಮರಳುತ್ತಿದ್ದರು.

ಕಂಡಕ್ಟರ್ ಕರೆದ: ‘ಹತ್ರಿ ಕಾಕಾ, ಬಸ್ ಖಾಲಿ ಐತಿ.’

‘ಖಾಲಿ ಬಸ್ಸಿನ್ಯಾಗ ನಾ ಹೋಗಂಗಿಲ್ಲ.’

ಮುಂದಿನದು ತುಂಬಿ ಬಂತು. ‘ಹತ್ರಿ.’

‘ನಿಂತು ಹೋಗು ವಯಸ್ಸೇನೋ ಇದು?’

ಯಾರಾದರೂ ಕೈ ಹಿಡಿದು ತಡೆಯಲಿ ಎಂಬುದು ಅವರ ಆಸೆ. ಮಗ ಬರಲಿಲ್ಲ. ಕೊನೆಗೆ ಅವರ ಹೆಂಡತಿ ಕಾಕು ಬಂದರು, ಕೈಯಲ್ಲಿ ತಮ್ಮದೇ ಇನ್ನೊಂದು ಚೀಲ. ‘ಹತ್ರಿ, ನಾನೂ ಬರ್ತೀನಿ. ಮಿರಜದಾಗ ತಂಗಿ ಮನಿ ಐತಿ.’

ಕಾಕಾ ನಿಜವಾಗಿ ಬಸ್ ಹತ್ತಿದ್ದು ಆಗ. ಮುಖ ನೋಡಿದವರು ಅವರನ್ನು ಯಾರೋ ನೂಕಿದ್ದಾರೆಂದೇ ತಿಳಿದರು.

ರಾಜನ ಕ್ಷಮೆ

ಮಗನಿಗೆ ಒಲೆ ಹಚ್ಚಲೂ ಬಾರದು. ವಾರದೊಳಗೆ ನನ್ನ ಕೋಣೆಗೆ ಬಂದ. ‘ಸರ್, ದ್ರಾಕ್ಷಿ ಮುಟ್ಟಂಗಿಲ್ರಿ. ಆದ್ರ ಅಪ್ಪ ಆಣಿ ಮಾಡ್ಯಾನ, ಸುಮ್ನ ಬರಂಗಿಲ್ಲ. ಅವನ್ನ ಬಿಟ್ಟು ಅವ್ವನೂ ಬರಂಗಿಲ್ಲ. ಇಂಗ್ಲೆಂಡಿನಾಗ ಹೊಳ್ಳಿ ಹೆಂಗ್ ಬರ್ತಿದ್ರು?’

‘ರಾಜ ಕ್ಷಮೆ ಕೊಟ್ಟರೆ ಬರಬಹುದಿತ್ತು.’

ಅವನು ಒಂದು ಕ್ಷಣವೂ ಯೋಚಿಸದೆ ಅವ್ವನಿಗೆ ಫೋನ್ ಹಚ್ಚಿದ. ನಾನೇ ಮಾತಾಡಿದೆ. ತೋಟ ಉಳಿಯಿತೆಂದು ತಿಳಿಸಿ, ಕಾಕಾನನ್ನು ಕ್ಷಮಿಸಿ ಕರೆತನ್ನಿ ಎಂದು ಬೇಡಿಕೊಂಡೆ.

‘ಕ್ಷಮಾ ಮಾಡೀನ್ರಿ ಸರ್’ ಎಂದರು ಕಾಕು. ‘ಆದ್ರ ಇನ್ನೊಂದ್ ನಾಕ್ ದಿನ ಅವರಿಗೆ ಹೇಳಬ್ಯಾಡ್ರಿ. ಇಲ್ಲಿ ತಂಗಿ ಮುಂದ ಮರ್ಯಾದಿಗೆ ಅಂಜಿ ದಿನಾ ಉಂಡ ಭಾಂಡೆ-ಪಾತ್ರಿ ತಾವ ತಿಕ್ಕಾಕತ್ತಾರ. ಊರಿಗೆ ಬಂದ್ರ ಅದನ್ನ ಆಣಿ ಮಾಡಿ ಬಿಡ್ತಾರ.’