ಆಕಾಶಕ್ಕೆ ಕಾಲೆತ್ತಿದ ತರಗತಿ

"ನನ್ನ ವಿದ್ಯಾರ್ಥಿಗಳ ಮೈಮೇಲೆ ಒಂದೇ ಒಂದು ಗ್ರಾಂ ಕೊಬ್ಬು ಕೂತರೂ ನನ್ನ ಹೆಸರು ಬದಲಾಯಿಸಿ!" ಎಂದು ಲಾಕ್‌ಡೌನ್ ಶುರುವಾದ ದಿನವೇ ನಡುಮನೆಯಲ್ಲಿ ನಿಂತು ಘೋಷಿಸಿದೆ.

"ಯಾವ ಹೆಸರು ಇಡೋಣ ಅಂತ ಈಗಲೇ ಹೇಳಿಬಿಡಿ," ಎಂದಳು ಹೆಂಡತಿ, ಬಟ್ಟೆ ಮಡಚುತ್ತಾ.

ನಾನು ವಿಶ್ವವಿದ್ಯಾಲಯದಲ್ಲಿ ದೈಹಿಕ ಶಿಕ್ಷಣದ ಅಧ್ಯಾಪಕ. ಮಕ್ಕಳು ಬೆನ್ನ ಹಿಂದೆ ‘ದೈಹಿಕ ಶಿಕ್ಷೆ’ ಎನ್ನುವುದೂ ಗೊತ್ತು. ನನ್ನ ಸೀಟಿ ಕೇಳಿದರೆ ಮೈದಾನದ ಹುಲ್ಲು ಕೂಡ ಸೆಟೆದು ನಿಲ್ಲುತ್ತದೆ. ಅಂಥವನು ಬಾಗಿಲು ಹಾಕಿಕೊಂಡು ಸುಮ್ಮನೆ ಕೂರುವುದೇ? ಬೆಳಗ್ಗೆ ಆನ್‌ಲೈನ್ ವ್ಯಾಯಾಮ ತರಗತಿ ಆರಂಭಿಸಿಯೇಬಿಟ್ಟೆ!

ಲ್ಯಾಪ್‌ಟಾಪಿನ ಪರದೆಯ ತುಂಬ ಬರೀ ಕಪ್ಪು ಚೌಕಗಳು. ಒಂದರಲ್ಲೂ ಮುಖವಿಲ್ಲ. "ಎಲ್ಲರೂ ಮಾಡ್ತಿದ್ದೀರಾ?" ಎಂದು ಗುಡುಗಿದರೆ, "ಮಾಡ್ತಿದ್ದೀವಿ ಸಾರ್!" ಎಂಬ ಉತ್ತರ. ಹಿಂದೆಯೇ ಯಾವುದೋ ಚೌಕದಿಂದ ಕರುಂ ಕುರುಂ ಸದ್ದು. ಕೀಲುಗಳು ಸಡಿಲವಾಗುತ್ತಿವೆ ಎಂದುಕೊಂಡೆ. ಅದು ಚಿಪ್ಸ್ ಎಂದು ಹೆಂಡತಿ ಹೇಳಿದರೂ ನಂಬಲಿಲ್ಲ.

ನಂಬದಿರಲು ನಾನೇನು ಕುರುಡನೇ? ಮನೆಯಲ್ಲೇ ಒಂದು ಪುರಾವೆ ಮಲಗಿತ್ತು. ನನ್ನ ಮಗಳು ಬೇರೊಂದು ವಿಶ್ವವಿದ್ಯಾಲಯದ ವಿದ್ಯಾರ್ಥಿನಿ. ಹಾಸ್ಟೆಲ್ ಮುಚ್ಚಿತೆಂದು ಬಂದವಳು ಹಾಸಿಗೆಯನ್ನೇ ಕ್ಯಾಂಪಸ್ ಮಾಡಿಕೊಂಡಿದ್ದಳು. ಪಾಠ ಅಲ್ಲೇ, ಊಟ ಅಲ್ಲೇ, ಪರೀಕ್ಷೆಯೂ ಅಲ್ಲೇ! ಬೆಳಗಿನ ತಿಂಡಿ ಮಧ್ಯಾಹ್ನಕ್ಕೆ ಜಾರಿತ್ತು, ಮಧ್ಯಾಹ್ನದ ಊಟ ಸಂಜೆಗೆ. ನಡುವಿನ ತೆರಪುಗಳನ್ನೆಲ್ಲ ಬಿಸ್ಕತ್ತು ತುಂಬುತ್ತಿತ್ತು. ಹೊದಿಕೆಯೊಳಗಿಂದ ಒಂದು ಕೈ ಮಾತ್ರ ಹೊರಬಂದು, ನೋಡದೆಯೇ ತಟ್ಟೆಯನ್ನು ತಡವಿ, ಕೊನೆಯ ಬಿಸ್ಕತ್ತನ್ನು ಹಿಡಿದು ಒಳಗೆಳೆದುಕೊಳ್ಳುವುದನ್ನು ನಾನು ಬಾಗಿಲಲ್ಲಿ ನಿಂತು ಬೆರಗಾಗಿ ನೋಡಿದ್ದೇನೆ. ನನ್ನ ಇಡೀ ವೃತ್ತಿಜೀವನದಲ್ಲಿ ಅಷ್ಟು ಗುರಿಯಿರುವ ಕ್ರೀಡಾಪಟುವನ್ನು ಕಂಡಿಲ್ಲ!

ನನಗಿದ್ದ ನಿಜವಾದ ಚಿಂತೆ ಒಬ್ಬ ಹುಡುಗಿಯದು. ನಮ್ಮ ಓಟದ ತಂಡದ ರಾಣಿ. ‘ಜಿಂಕೆ’ ಎಂದು ಹೆಸರಿಟ್ಟವನೇ ನಾನು. ತರಗತಿಗೆ ಬರುತ್ತಿದ್ದಳು, ಬಾಯಿ ಬಿಡುತ್ತಿರಲಿಲ್ಲ. ತಿಂಗಳುಗಳು ಕಳೆದ ಮೇಲೆ ಒಂದು ದಿನ ಫೋನ್ ಮಾಡಿದೆ.

"ಎಲ್ಲಿದ್ದೀಯಮ್ಮಾ ಜಿಂಕೆ, ಮುಖಾನೇ ಕಾಣ್ತಿಲ್ಲ?"

"ಕ್ಯಾಮೆರಾ ಕೆಟ್ಟಿದೆ ಸಾರ್."

"ಮೈಕು?"

"ಅದೂ ಕೆಡ್ತಾ ಇದೆ ಸಾರ್," ಎಂದು ಫೋನಿಟ್ಟಳು. ಧ್ವನಿಯೇ ಕುಗ್ಗಿಹೋಗಿತ್ತು. ನನ್ನ ಎದೆಯಲ್ಲೇನೋ ಚುಚ್ಚಿತು. ಚುಚ್ಚಿದ್ದು ಕನಿಕರ, ಹೊರಬಂದದ್ದು ಮಾತ್ರ ಸಿಟ್ಟು. ನಾನು ಮೇಷ್ಟ್ರಲ್ಲವೇ!

ಮರುದಿನ ಆಜ್ಞೆ ಹೊರಡಿಸಿದೆ: "ಎಲ್ಲರೂ ಕ್ಯಾಮೆರಾ ಆನ್ ಮಾಡಿ! ಮಾಡದವರಿಗೆ ಅಂಕ ಇಲ್ಲ!"

ಒಂದೊಂದೇ ಚೌಕ ಬೆಳಗತೊಡಗಿತು. ಅಬ್ಬಬ್ಬಾ! ಅದೊಂದು ವಿಶ್ವರೂಪ ದರ್ಶನ! ಕಡ್ಡಿಯಂತಿದ್ದವರು ಕಂಬವಾಗಿದ್ದರು. ಕೆನ್ನೆಗಳು ಚೌಕ ಮೀರಿ ಪಕ್ಕದ ಚೌಕಕ್ಕೆ ಕಾಲಿಡುವಂತಿದ್ದವು. ಕಬಡ್ಡಿ ತಂಡದ ನಾಯಕನನ್ನು "ತಾವು ಅವನ ತಂದೆಯವರಾ?" ಎಂದು ಕೇಳಿಬಿಟ್ಟೆ. ಒಬ್ಬ ಹಾಸಿಗೆಯಲ್ಲಿ ಮಲಗಿಯೇ ನೂಡಲ್ಸ್ ಉಣ್ಣುತ್ತಿದ್ದ, ಅದೂ ಒಂದು ಹನಿ ಚೆಲ್ಲದೆ. ಬಾಗಿಲು ಮುಚ್ಚಿ ಕೂರಿಸಿದರೆ ಯೌವನ ಹೀಗೂ ಹಬ್ಬಬಲ್ಲದೇ ಎಂದು ನಾನು ಮೂಕನಾದೆ.

ಕೊನೆಗೆ ಉಳಿದದ್ದು ಒಂದೇ ಕಪ್ಪು ಚೌಕ. ಜಿಂಕೆಯದು.

ಮೂಕನಾಗಿಯೇ ಇದ್ದಿದ್ದರೆ ಚೆನ್ನಾಗಿತ್ತು. "ಏನ್ರೋ ಇದು? ನೀವು ಕ್ರೀಡಾಪಟುಗಳೋ, ದಿಂಬಿನ ಅಂಗಡಿಯೋ? ನಾಚಿಕೆ ಆಗಲ್ವಾ?" ಎಂದು ಶುರುವಾದ ನನ್ನ ಭಾಷಣ ತೂಕದ ಮಾತುಗಳಿಂದ ತುಂಬಿ ತುಳುಕಿತು. ಬೆಳಗಿದ ಮುಖಗಳೆಲ್ಲ ಒಂದೊಂದಾಗಿ ತಗ್ಗಿದವು.

"ಈಗ ಹಾರಿ!" ಎಂದು ನಾನೇ ಹಾರಿ ತೋರಿಸಿದೆ. ಬಾಗಿಲು ಬಡಿದ ಸದ್ದಾಯಿತು. ಕೆಳಗಿನ ಮನೆಯ ದಂತವೈದ್ಯರು ಮುಖಗವಸು ಹಾಕಿಕೊಂಡು ದೂರದಲ್ಲಿ ನಿಂತಿದ್ದರು. ತಲೆಯ ಮೇಲೆ ಸುಣ್ಣದ ಪುಡಿ.

"ಸಾರ್, ನಾನು ಹಲ್ಲಿನ ಡಾಕ್ಟ್ರು. ಆದ್ರೆ ನೀವು ಹಾರಿದಾಗಲೆಲ್ಲ ನಮ್ಮ ಚಾವಣಿಯ ಹಲ್ಲು ಉದುರ್ತಾ ಇದೆ. ಅದನ್ನ ಕಟ್ಟೋ ವಿದ್ಯೆ ನಂಗೆ ಬರಲ್ಲ!"

ಕೈಮುಗಿದು ಕಳಿಸಿದೆ. ಆದರೆ ಹಾರದೆ ಬಿಡುವ ಜಾತಿಯೇ ನಾನು? ಮಿಂಚಿನಂಥ ಉಪಾಯ ಹೊಳೆಯಿತು: ಮಂಚದ ಮೇಲೆ ಹಾರಿದರೆ ಸದ್ದೇ ಬರುವುದಿಲ್ಲ! ಲ್ಯಾಪ್‌ಟಾಪನ್ನು ಮಲಗುವ ಕೋಣೆಗೆ ಒಯ್ದು, ಮಂಚದ ಕಾಲ್ದೆಸೆಯಲ್ಲಿ ಸ್ಟೂಲಿನ ಮೇಲಿಟ್ಟು ಹಾಸಿಗೆ ಹತ್ತಿದೆ.

"ಇಳೀರಿ ಕೆಳಗೆ! ಅದು ನಮ್ಮಪ್ಪ ಮಾಡಿಸಿಕೊಟ್ಟ ಮಂಚ!" ಎಂದು ಹೆಂಡತಿ ನುಗ್ಗಿ ಬಂದಳು.

ಸಂಸಾರದ ಗುಟ್ಟು ಶಿಷ್ಯರಿಗೆ ಕೇಳಬಾರದೆಂದು ತಟ್ಟನೆ ಬಗ್ಗಿ ಮೈಕ್ ಬಂದ್ ಮಾಡಿದೆ. "ಗಟ್ಟಿ ಮರ ಕಣೇ, ಆನೆ ಹತ್ತಿದರೂ ಜಗ್ಗಲ್ಲ," ಎಂದೆ.

"ಆನೆ ಹತ್ತಲಿ, ಬೇಡ ಅನ್ನಲ್ಲ. ನೀವು ಇಳೀರಿ!" ಎಂದು ಗೊಣಗುತ್ತಾ ಒಲೆಯ ಮೇಲಿದ್ದ ಹಾಲು ನೆನಪಾಗಿ ಓಡಿದಳು.

ಅವಳತ್ತ ಹೋದಳು, ನಾನಿತ್ತ ಹಾರಿದೆ. ಒಮ್ಮೆ ಹಾರಿದೆ. ಮತ್ತೊಮ್ಮೆ, ಉತ್ಸಾಹ ಹೆಚ್ಚಿ, ಮೊಣಕಾಲನ್ನು ಎದೆಗೆ ಎಳೆದುಕೊಂಡು ಹಾರಿದೆ. ಪಟಾರ್! ಹಲಗೆಗಳು ಮುರಿದವು, ಹಾಸಿಗೆ ನಡುವೆ ಮಡಚಿಕೊಂಡಿತು. ಚೌಕಟ್ಟಿನೊಳಗೆ ನನ್ನ ಸೊಂಟ ಬಾಟಲಿಗೆ ಬಡಿದ ಬಿರಡೆಯಂತೆ ಕೂತಿತು. ತಲೆ ಒಂದು ಕಡೆ ಹೂತಿತು, ಎರಡು ಕಾಲು ಮಾತ್ರ ಆಕಾಶಕ್ಕೆ! "ಕಾಪಾಡ್ರೋ!" ಎಂದು ಕೂಗುತ್ತಾ ಕಾಲುಗಳನ್ನು ಗಾಳಿಯಲ್ಲಿ ಗಿರಗಿರನೆ ತುಳಿದೆ. ದಿಂಬು ನನ್ನ ಕೂಗನ್ನು ನುಂಗಿತು. ಅಡುಗೆಮನೆಯ ಮಿಕ್ಸರ್ ಉಳಿದದ್ದನ್ನು ನುಂಗಿತು.

ತುಳಿದೆ, ತುಳಿದೆ, ಬೆವರು ಕಿತ್ತುಬರುವವರೆಗೆ ತುಳಿದೆ.

ಕೊನೆಗೆ ಪಕ್ಕದ ಕೋಣೆಯಿಂದ ಎದ್ದುಬಂದವಳು ಮಗಳು! ಯಾವ ಅಲಾರಂಗೂ ಬಗ್ಗದ ನಿದ್ದೆ ನನ್ನ ಪತನಕ್ಕೆ ಬಗ್ಗಿತ್ತು. "ಅಮ್ಮಾ, ಅಪ್ಪ ಮಂಚದೊಳಗೆ ಹೋಗಿಬಿಟ್ಟಿದ್ದಾರೆ!" ಎಂದು ಕೂಗಿದವಳು ಪರದೆಯತ್ತ ತಿರುಗಿ ಹಾಗೇ ನಿಂತುಬಿಟ್ಟಳು. "ಅಯ್ಯೋ, ಇಲ್ನೋಡಿ..."

ತಾಯಿ ಮಗಳು ಸೇರಿ ಒಂದೊಂದು ತೋಳು ಹಿಡಿದು ಎಳೆದರು. ನಾನು ಹೊರಬಂದೆ, ಪೈಜಾಮದ ಅರ್ಧ ಒಳಗೇ ಉಳಿಯಿತು. ಹೊದಿಕೆ ಸುತ್ತಿಕೊಂಡು ಪರದೆ ನೋಡಿದೆ.

ಒಂದು ಮುಖವೂ ಇಲ್ಲ. ಬರೀ ಕಾಲುಗಳು! ಮಂಚದ ಮೇಲೆ, ಸೋಫಾದ ಮೇಲೆ, ಚಾಪೆಯ ಮೇಲೆ ಬೆನ್ನೂರಿ, ಒಂದು ಇಡೀ ತರಗತಿ ಆಕಾಶಕ್ಕೆ ಕಾಲೆತ್ತಿ ಸೈಕಲ್ ತುಳಿಯುತ್ತಿತ್ತು. ಕಾಲುಚೀಲ ಹಾಕಿದ ಕಾಲು, ಹರಿದ ಪೈಜಾಮದ ಕಾಲು, ಒಬ್ಬನ ಪಕ್ಕದಲ್ಲಿ ಅವನ ಅಜ್ಜಿಯ ಕಾಲೂ! ಏದುಸಿರಿನ ನಡುವೆ ನಗು ಉಕ್ಕುತ್ತಿತ್ತು. ಕಪ್ಪು ಚೌಕ ಒಂದೂ ಉಳಿದಿರಲಿಲ್ಲ. ಮೂಲೆಯ ಚೌಕದಲ್ಲಿ, ಬೀರುವಿಗೂ ಗೋಡೆಗೂ ನಡುವಿನ ಗೇಣಗಲ ಜಾಗದಲ್ಲಿ, ದುಂಡಗಿನ ಎರಡು ಕಾಲುಗಳು ಎಲ್ಲರಿಗಿಂತ ವೇಗವಾಗಿ ತಿರುಗುತ್ತಿದ್ದವು. ಆ ವೇಗ ನನಗೆ ಗೊತ್ತಿಲ್ಲವೇ! ಕಣ್ಣು ಮಂಜಾಯಿತು. ನಾನು ಕಲಿಸಿದ ಯಾವ ಕಸರತ್ತಿಗೂ ಇಂಥ ಸೊಬಗು ಬಂದಿರಲಿಲ್ಲ.

ಬಗ್ಗಿ ಮೈಕ್ ಒತ್ತಿದೆ. "ಜಿಂಕೆ! ಬಂದ್ಯಾ!"

ಕಾಲುಗಳು ಇಳಿದು, ಬೆವರಿದ ದುಂಡು ಮುಖ ಎದ್ದಿತು. "ಒಂದೇ ರೂಮು, ನಾಲ್ಕು ಜನ ಸಾರ್. ಓಡೋಕೂ ಜಾಗ ಇಲ್ಲ, ಓಡಿಹೋಗೋಕೂ ಜಾಗ ಇಲ್ಲ. ನಾನೊಬ್ಬಳೇ ಹೀಗಾಗಿದ್ದೀನಿ ಅಂದ್ಕೊಂಡಿದ್ದೆ. ಎಲ್ಲರನ್ನೂ ನೋಡಿದ್ಮೇಲೆ ಧೈರ್ಯ ಬಂತು."

ನನ್ನ ಎದೆ ಉಬ್ಬಿತು. ಮುರಿದ ಮಂಚ, ಹರಿದ ಪೈಜಾಮ ಎಲ್ಲ ಮರೆತುಹೋಯಿತು. "ನೋಡಿದ್ರಾ ಮಕ್ಕಳೇ, ನನ್ನ ಪಾಠದ ಮಹಿಮೆ! ಇಷ್ಟು ದಿನ ಆಗದ್ದು ಇವತ್ತು ಆಯ್ತು. ಯಾಕೆ ಹೇಳಿ?"

ಜಿಂಕೆ ತುಂಬ ಗೌರವದಿಂದ ಹೇಳಿದಳು:

"ಇವತ್ತು ನಿಮ್ಮ ಮೈಕ್ ಆಫ್ ಆಗಿತ್ತು ಸಾರ್."