ಕಾಳನಿಗೆ ಹಿಡಿದ ಟೀವಿ ಶನಿ

ಟೀವಿ ನೋಡಿ ಹಾಳಾಗಬೇಡ್ರೋ ಅಂತ ಮೂವತ್ತು ವರ್ಷ ಸ್ಕೂಲ್ ಮಕ್ಕಳಿಗೆ ಹೇಳಿ ಹೇಳಿ ರಿಟೈರ್ ಆದವಳು ನಾನು. ಈಗ ಚಿಂತಾಮಣಿಯ ನಮ್ಮನೇಲೇ ಟೀವಿಯಿಂದ ದಿನಕ್ಕೊಂದು ರಾಮಾಯಣ. ಅನುಭವಿಸೋದು ಮಾತ್ರ ನಮ್ಮ ನಾಯಿ ಕಾಳ, ಪಾಪ.

ಚರ್ಚೆ

ನಮ್ಮನೆಯವರು ಸಂಜೆ ಏಳಾಯ್ತು ಅಂದ್ರೆ ನ್ಯೂಸ್ ಚರ್ಚೆ ಹಾಕ್ತಾರೆ. ಎಂಟು ಜನ ಒಟ್ಟಿಗೇ ಮಾತಾಡ್ತಾರೆ. ನಿರೂಪಕ "ಉತ್ತರ ಕೊಡಿ" ಅಂತ ಕಿರುಚ್ತಾನೆ, ಕೊಡೋಕೆ ಬಿಡಲ್ಲ. ಒಂದಿನ ಆ ಕಿರುಚಾಟಕ್ಕೆ ಬೆಚ್ಚಿ ಕಾಳ ಎರಡು ಸಲ ಬೊಗಳಿದ.

"ಏಯ್, ಅದನ್ನ ಆಚೆ ಕಟ್ಟೇ! ಒಂದು ಮಾತೂ ಕೇಳಿಸ್ತಿಲ್ಲ" ಅಂದ್ರು.

ನಂಗೆ ಮೈಯೆಲ್ಲ ಉರಿದುಹೋಯ್ತು. "ಇದು ಎರಡು ಸಲ ಬೊಗಳಿ ಸುಮ್ಮನಾಯ್ತು. ಟೀವೀಲಿ ಕಿರುಚೋ ಅವನನ್ನ ಎಲ್ಲಿ ಕಟ್ಟಲಿ, ಹೇಳಿ" ಅಂದೆ.

ಬೆಲ್

ಎದುರುಮನೆ ಅಜ್ಜಿ ಧಾರಾವಾಹಿಗೆ ನಮ್ಮನೆಗೇ ಬರ್ತಾರೆ. ಅದರಲ್ಲಿ ಯಾರೋ ಬೆಲ್ ಮಾಡಿದ್ರು. ಸೊಸೆ ಬಾಗಿಲ ಕಡೆ ತಿರುಗಿದಳು, ಗುಡುಗು ಬಂತು, ಮೂರು ಸಲ ಅವಳ ಮುಖ ತೋರಿಸಿದ್ರು, ಆವತ್ತಿನ ಕಂತು ಮುಗೀತು. ನಾಲ್ಕು ದಿನ ಇದೇ! ಪ್ರತಿ ಬೆಲ್ಲಿಗೂ ಕಾಳ ನಮ್ಮ ಬಾಗಿಲಿಗೆ ಓಡಿ ಓಡಿ ಸುಸ್ತಾದ. ಐದನೇ ದಿನ ನಿಜವಾಗ್ಲೂ ಗ್ಯಾಸ್‌ನವನು ಬಂದು ಬೆಲ್ ಮಾಡ್ದ. ಕಾಳ ಕಿವೀನೂ ಎತ್ತಲಿಲ್ಲ. ನಾನು ಎದ್ದೆ.

ಅಜ್ಜಿ ಸೆರಗು ಹಿಡಿದು ಎಳೆದ್ರು. "ಕೂತ್ಕೊಳ್ಳೇ ತಾಯಿ, ಸೋಮವಾರದವರೆಗೂ ಅವಳು ಬಾಗಿಲು ತೆಗೆಯಲ್ಲ."

ಸಿಲಿಂಡರ್ ವಾಪಸ್ ಹೋಯ್ತು.

ಶನಿವಾರ

ಇದಂತೂ ನಾನು ಸಾಯೋವರೆಗೂ ಕ್ಷಮಿಸಲ್ಲ. ಬೆಳಗಿನ ಜ್ಯೋತಿಷ್ಯದವನು ಟೀವಿಲಿ ಕೂತು, "ಶನಿಕಾಟ ಇರೋರು ಶನಿವಾರ ಕಪ್ಪು ನಾಯಿಗೆ ಎಳ್ಳೆಣ್ಣೆ ಚಪಾತಿ ಹಾಕಿ. ನಾಯಿ ಮೈಮೇಲೆ ಒಂದು ಬಿಳಿ ಕೂದಲೂ ಇರಬಾರದು" ಅಂದುಬಿಟ್ಟ. ನಮ್ಮ ಬೀದೀಲಿ ಅಂಥ ನಾಯಿ ಕಾಳ ಒಬ್ಬನೇ! ಮೊದಲ ಶನಿವಾರ ಐದು ಚಪಾತಿ. ಮೂರನೇ ಶನಿವಾರದ ಹೊತ್ತಿಗೆ ಲೆಕ್ಕ ಬಿಟ್ಟೆ. ನಮ್ಮ ನಾದಿನಿ ಸಾದಲಿಯಿಂದ ಬಸ್ ಹತ್ತಿ ಡಬ್ಬಿ ತಂದಳು. ಎರಡು ಬೆಳೆ ರೇಷ್ಮೆಹುಳ ಕೈಕೊಟ್ಟಿತ್ತಂತೆ.

"ನಿಮ್ಮೂರಲ್ಲಿ ಕರಿ ನಾಯಿ ಇಲ್ವೇನೇ?"

"ಇದೆ ಅತ್ತಿಗೆ, ಬಾಲದ ತುದಿ ಬಿಳಿ. ರಿಸ್ಕ್ ಯಾಕೆ ಅಂತ."

ಕಾಳ ಊದಿಕೊಂಡ. ಮೆಟ್ಟಿಲು ಹತ್ತೋಕಾಗದೆ ಏದುಸಿರು ಬಿಡ್ತಿದ್ದ. ದನದ ಆಸ್ಪತ್ರೆ ಡಾಕ್ಟ್ರು ಹೊಟ್ಟೆ ಒತ್ತಿ ನೋಡಿ ನನಗೇ ಬೈದ್ರು. "ಓದಿರೋ ಟೀಚರ್ ನೀವು, ನಾಚಿಕೆ ಆಗಲ್ವಾ? ಇನ್ನು ಎಣ್ಣೆ ತಿಂದ್ರೆ ಲಿವರ್ ಹೋಗುತ್ತೆ, ನಾಯಿ ಉಳಿಯಲ್ಲ" ಅಂದ್ರು. ಕಣ್ಣು ಬಿಡದ ಮರಿಯಿಂದ ಕೈಯಾರೆ ಹಾಲು ಕುಡಿಸಿ ಸಾಕಿದ್ದೀನಿ ಅದನ್ನ.

ಮುಂದಿನ ಶನಿವಾರ ಗೇಟಿಗೆ ಬೀಗ ಜಡಿದು, ಕೋಲು ಹಿಡಿದು ನಿಂತೆ. ಆಚೆ ಡಬ್ಬಿ ಹಿಡಿದ ಜನ.

"ಹೋಗ್ರಪ್ಪ, ಡಾಕ್ಟ್ರು ಬೇಡ ಅಂದಿದ್ದಾರೆ, ನಾಯಿ ಸತ್ತೋಗುತ್ತೆ!"

"ನನ್ನ ಮಗಳ ಮದುವೆಗಿಂತ ನಿಮ್ಮ ನಾಯಿ ಹೆಚ್ಚಾ?" ಅಂತ ಪಕ್ಕದ್ಮನೆಯವಳು ಜಗಳಕ್ಕೇ ನಿಂತಳು.

"ಶನಿ ವದಿಲಿಪೋತೇ ಚಾಲಮ್ಮಾ" ಅಂತ ಅಜ್ಜಿ ತೆಲುಗಲ್ಲಿ ಕೈ ಮುಗಿದ್ರು. ಶನಿ ಬಿಟ್ಟುಹೋದ್ರೆ ಸಾಕಂತೆ! ಬಿಟ್ಟುಹೋದ ಶನಿಯೆಲ್ಲ ನನ್ನ ಕಾಳನ ಹೊಟ್ಟೆಗಾ?

ಅಷ್ಟರಲ್ಲಿ ಗುಂಪಿನ ಹಿಂದೆ ಸ್ಕೂಟರ್ ಬಂದು ನಿಲ್ತು. ನೋಡ್ತೀನಿ, ಅದೇ ಡಾಕ್ಟ್ರು! ಹೋದ ಪ್ರಾಣ ಬಂದಂಗಾಯ್ತು ನಂಗೆ. "ದಾರಿ ಬಿಡಿ, ದಾರಿ ಬಿಡಿ! ಬನ್ನಿ ಡಾಕ್ಟ್ರೇ, ನೀವೇ ಇವರಿಗೆ ಬುದ್ಧಿ ಹೇಳಿ" ಅಂತ ನಾನೇ ಬೀಗ ತೆಗೆದು ಒಳಗೆ ಕರೆದೆ.

ಡಾಕ್ಟ್ರು ನೆಲ ನೋಡ್ಕೊಂಡು ಬಂದ್ರು. ಬ್ಯಾಗಿಂದ ಒಂದು ಡಬ್ಬಿ ತೆಗೆದ್ರು. "ನಂಗೂ ಸಾಡೇಸಾತ್ ಶನಿ ನಡೀತಿದೆ ಮೇಡಂ. ಒಂದೇ ಒಂದು ಚಪಾತಿ" ಅಂತ ದನಿ ತಗ್ಗಿಸಿದ್ರು. "ಆಮೇಲೆ ನಾಯಿಗೆ ನುಂಗಿಸೋಕೆ ಲಿವರ್ ಮಾತ್ರೆ ನಾನೇ ತಂದಿದ್ದೀನಿ."