ಮಾವನ ಶಾಂತಿ ಸಂಚಾರ

ನಮ್ಮ ಸೋದರಮಾವನಂಥ ಒಳ್ಳೆಯ ಕ್ರೈಸ್ತರು ಮನೆಗೊಬ್ಬರಿದ್ದರೆ ನಮ್ಮಂಥ ಸಾಧಾರಣ ಕ್ರೈಸ್ತರು ಊರು ಬಿಡಬೇಕಾಗುತ್ತದೆ! ದೂರು ಹೇಳುತ್ತಿಲ್ಲ, ಅನುಭವ ಹೇಳುತ್ತಿದ್ದೇನೆ.

ಮಾವ ವಿಮಾನಪುರದ ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ತಪಾಸಣೆ ಮಾಡುವ ಕೆಲಸದಲ್ಲಿದ್ದವರು. ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಕೆಂಪು ಬಣ್ಣ ಬಳಿದು ಪಕ್ಕಕ್ಕಿಡುತ್ತಿದ್ದರಂತೆ. ನಿವೃತ್ತರಾದ ಮೇಲೆ ಬಿಡಿಭಾಗಗಳಿಲ್ಲ, ನಾವಿದ್ದೆವು. "ನಡೆಯುತ್ತೆ ಬಿಡು" ಎಂಬ ಮಾತನ್ನು ಅವರ ಬಾಯಲ್ಲಿ ಯಾರೂ ಕೇಳಿಲ್ಲ. ಸಾರು ಹೇಗಿದೆ ಅಂತ ಅತ್ತೆ ನೆಂಟರೆದುರು ಕೇಳಿದರೂ ನಿಜವನ್ನೇ ಹೇಳುವರು. ಅತ್ತೆ ಕೇಳುವುದನ್ನೇ ಬಿಟ್ಟರು.

ನಮ್ಮ ಚರ್ಚಿನ ಭಾನುವಾರದ ಪೂಜೆಯಲ್ಲಿ ಒಂದು ಘಟ್ಟವಿದೆ. ಕ್ರಿಸ್ತನ ಶರೀರವೆಂದು ಕೊಡುವ ಪುಟ್ಟ ರೊಟ್ಟಿಗೆ, ಅಂದರೆ ಪರಮಪ್ರಸಾದಕ್ಕೆ, ಸಾಲು ನಿಲ್ಲುವ ಮೊದಲು ಒಬ್ಬರಿಗೊಬ್ಬರು ಶಾಂತಿ ಕೋರಿ ಎನ್ನುತ್ತಾರೆ ಫಾದರ್. ನಾವೆಲ್ಲ ಎಡಕ್ಕೊಂದು, ಬಲಕ್ಕೊಂದು, ಹಿಂದಕ್ಕೊಂದು ಕೈಮುಗಿದು ಮಧ್ಯಾಹ್ನದ ಊಟದ ಯೋಚನೆಗೆ ಮರಳುತ್ತೇವೆ. ಮಾವ ಹಾಗಲ್ಲ. ಪಕ್ಕದಲ್ಲಿ ಕೂತವನ ಜೊತೆ ನನಗೇನು ಜಗಳ ಎಂಬುದು ಅವರ ವಾದ. ವಾರದಲ್ಲಿ ಯಾರೊಡನೆ ಮನಸ್ತಾಪವಾಗಿದೆಯೋ ಅವರನ್ನೇ ಹುಡುಕಿಕೊಂಡು ಹೋಗಿ ಕೈಮುಗಿಯಬೇಕು. ಅವರು ಚರ್ಚಿನಲ್ಲಿ ಇಲ್ಲದಿದ್ದರೆ? ಕ್ರೈಸ್ತರೇ ಅಲ್ಲದಿದ್ದರೆ? ಅದಕ್ಕೇನು, ಹೊರಗೆ ಸ್ಕೂಟರ್ ನಿಂತಿದೆಯಲ್ಲ!

ಒಮ್ಮೆ ಶನಿವಾರ ಶಿವಾಜಿನಗರದ ಮಟನ್ ಅಂಗಡಿಯ ಭಾಯಿಯ ಮೇಲೆ, ತೂಕದಲ್ಲಿ ಮೋಸ ಮಾಡಿದೆ ಅಂತ ರೇಗಿ ಬಂದಿದ್ದರು. ಮನೆಯಲ್ಲಿ ತೂಗಿದರೆ ಸರಿಯಾಗಿಯೇ ಇತ್ತು. ಮಾರನೆಯ ದಿನ ಈಸ್ಟರ್ ಭಾನುವಾರ. ಹಾಗಾಗಿ ಹಲಸೂರಿನ ಚರ್ಚಿನಲ್ಲಿ ನಾನೂ ಇದ್ದೆ. ಶಾಂತಿ ಕೋರುವ ಹೊತ್ತಿಗೆ ಮಾವ ನನ್ನನ್ನೂ ಎಳೆದುಕೊಂಡು ಹೊರಟರು. ಅಂಗಡಿಯ ಮುಂದೆ ಸಾಲು ರಸ್ತೆಯವರೆಗಿತ್ತು. ಮಾವ ಬರಿಗೈಯಲ್ಲಿ ಮುಂದೆ ನುಗ್ಗಿದ್ದನ್ನು ಕಂಡು ಜನ ಮೂರು ಭಾಷೆಯಲ್ಲಿ ಬೈದರು. ಭಾಯಿ ಕತ್ತಿ ಕೆಳಗಿಡದೆ, "ಸಾರಿ ಕೇಳೋಕಾದ್ರೂ ಲೈನಲ್ಲಿ ಬನ್ನಿ ಅಂಕಲ್" ಅಂದ.

ಮಾವ ನೇರವಾಗಿ ಲೈನಿನ ಕೊನೆಗೆ ಹೋಗಿ ನಿಂತರು! ಅವರ ಹಿಂದೆ ನಾನು, ಪರಿಚಯದವರು ಯಾರಾದರೂ ನೋಡಿಬಿಟ್ಟರೆ ಎಂಬ ಭಯಕ್ಕೆ ಕರ್ಚೀಫಿನಲ್ಲಿ ಮುಖ ಒರೆಸಿಕೊಳ್ಳುತ್ತಾ. ಸರದಿ ಬಂದಾಗ ಮಾವ ಕೈಮುಗಿದರು. ಭಾಯಿ ಎದೆಯ ಮೇಲೆ ಕೈಯಿಟ್ಟುಕೊಂಡ. ಅಷ್ಟರಲ್ಲಿ ನಮ್ಮ ಪೂಜೆ ಮುಗಿದಿತ್ತು.

ಇದೆಲ್ಲ ನಮ್ಮ ತಲೆಯ ಮೇಲೆ ಬೀಳುವವರೆಗೆ ತಮಾಷೆ. ಮಗಳನ್ನು ಕಂಟೋನ್ಮೆಂಟಿನ ಒಂದು ಕಾನ್ವೆಂಟಿಗೆ ಸೇರಿಸಲು ನಾನೂ ನನ್ನ ಹೆಂಡತಿಯೂ ವರ್ಷದಿಂದ ಕನಸು ಕಂಡಿದ್ದೆವು. ಸೀಟು ಸಿಗಬೇಕಾದರೆ, ಕುಟುಂಬ ತಪ್ಪದೆ ಚರ್ಚಿಗೆ ಬರುತ್ತದೆ ಎಂದು ಫಾದರ್ ಪತ್ರ ಬರೆದುಕೊಡಬೇಕು. ಅವರು ಹೊಸಬರು, ಶಿಫಾರಸಿಗೆಂದು ನಾನೇ ಮಾವನನ್ನು ಕರೆದುಕೊಂಡು ಹೋಗಿದ್ದೆ. ಇಂಥ ಬುದ್ಧಿವಂತಿಕೆ ನನ್ನೊಬ್ಬನಿಗೇ ಸಾಧ್ಯ! ನಿಮ್ಮ ಅಳಿಯ ಪ್ರತಿ ವಾರ ಬರ್ತಾರಾ ಅಂತ ಫಾದರ್ ಕೇಳಿದ ಕೂಡಲೇ ನಾನು ಮೇಜಿನಡಿ ಮಾವನ ಕಾಲು ತುಳಿದೆ.

"ಕ್ರಿಸ್ಮಸ್‌ಗೆ ಬರ್ತಾನೆ ಫಾದರ್, ಈಸ್ಟರ್‌ಗೆ ಬರ್ತಾನೆ, ಹೆಂಡತಿ ಮನೆಯವರು ಊರಿಂದ ಬಂದಾಗ ಬರ್ತಾನೆ. ಈಗ ನನ್ನ ಕಾಲು ತುಳೀತಿದಾನೆ."

ಪತ್ರ ಸಿಗಲಿಲ್ಲ, ಸೀಟೂ ಸಿಗಲಿಲ್ಲ. ಮಗಳು ಜೀವನ್ ಬಿಮಾ ನಗರದ ನಮ್ಮ ಮನೆಯ ಹಿಂದಿನ ರಸ್ತೆಯ ಶಾಲೆಗೆ ಸೇರಿದಳು. ನಾನು ಮಾವನೊಡನೆ ಮಾತು ಬಿಟ್ಟೆ. ಮುಂದಿನ ವರ್ಷವಾದರೂ ಪತ್ರ ಸಿಗಲೆಂದು ಮರುವಾರದಿಂದಲೇ ಪ್ರತಿ ಭಾನುವಾರ ಚರ್ಚಿಗೆ ಹೋಗತೊಡಗಿದೆ. ಅಷ್ಟು ಕೋಪ ಹೊತ್ತು, ಅಷ್ಟು ನಿಯಮದಿಂದ ನಾನೆಂದೂ ಚರ್ಚಿಗೆ ಹೋದವನಲ್ಲ.

ಪ್ರತಿ ಭಾನುವಾರ ಶಾಂತಿ ಕೋರುವ ಹೊತ್ತಿಗೆ ಮಾವ ಚರ್ಚಿನ ಆಚೆ ಬದಿಯ ಬೆಂಚಿನಿಂದ ಎದ್ದು ನನ್ನ ಮುಂದೆ ಬಂದು ಕೈಮುಗಿದು ನಿಲ್ಲುವರು. ನಾನು ಬಗ್ಗಿ ಮಗಳ ಶೂ ಬಕಲ್ ಸರಿಮಾಡುವೆ. ಆ ಬಕಲ್ ಪ್ರತಿ ವಾರ ಅದೇ ನಿಮಿಷಕ್ಕೆ ಬಿಚ್ಚಿಕೊಳ್ಳುತ್ತಿತ್ತು ನೋಡಿ! ಮಾವ ವಾಪಸು ಹೋಗಿ ಕೂರುವರು. ನಾನು ಪರಮಪ್ರಸಾದದ ಸಾಲಿಗೆ ಹೋಗುವೆ.

ಎಲ್ಲರೂ ಸಾಲಿಗೆ ಎದ್ದಾಗ ಮಾವ ಮಾತ್ರ ಕೂತೇ ಇರುವುದು ಮೂರನೆಯ ವಾರ ನನ್ನ ಕಣ್ಣಿಗೆ ಬಿತ್ತು. ಜ್ವರ ಬಂದರೂ ಪರಮಪ್ರಸಾದ ಬಿಡದ ಮನುಷ್ಯ ಯಾಕೆ ಏಳುತ್ತಿಲ್ಲ? ಮೊದಲು ಮಂಡಿನೋವು ಅಂದುಕೊಂಡೆ. ಆಮೇಲೆ ಸಕ್ಕರೆ ಕಾಯಿಲೆ. ಐದನೆಯ ವಾರದ ಹೊತ್ತಿಗೆ ನನ್ನ ಊಹೆ ಹೃದಯದವರೆಗೆ ಹೋಗಿತ್ತು. ಕೋಪವೇನೋ ಸರಿ, ಚಿಂತೆ ಮಾಡುವುದನ್ನು ಬಿಡಲಾಗುತ್ತದೆಯೇ? ಆರನೆಯ ವಾರ ತಡೆಯಲಾರದೆ ಹೆಂಡತಿಯನ್ನು ಕೇಳಿದೆ. ಅವಳು ಅತ್ತೆಯಿಂದ ತಿಳಿದುಕೊಂಡಿದ್ದಳು.

"ನಿಮ್ಮ ಜೊತೆ ಸಮಾಧಾನ ಆಗೋವರೆಗೂ ತಗೊಳ್ಳಲ್ವಂತೆ," ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ನೀವು ತಗೋತಾನೇ ಇದೀರಲ್ಲ?"

ಮುಂದಿನ ಭಾನುವಾರ ಮಾವ ಏಳುವ ಮೊದಲೇ ನಾನೆದ್ದೆ. ಆ ಬದಿಗೆ ಹತ್ತು ಹೆಜ್ಜೆ ಇದ್ದೀತು. ಇಡೀ ಚರ್ಚು ನನ್ನನ್ನೇ ನೋಡುತ್ತಿದೆ ಅನ್ನಿಸಿತು. ಮುಂದೆ ನಿಂತು ಕೈಮುಗಿದೆ. ಮಾವ ಕೈಮುಗಿಯಲಿಲ್ಲ. ಕನ್ನಡಕ ಸರಿಮಾಡಿಕೊಂಡು ನನ್ನ ಮುಖವನ್ನು ತಪಾಸಣೆ ಮಾಡಿದರು.

"ನಿಜವಾಗ್ಲೂ ಕೋಪ ಹೋಯ್ತೇನೋ?"

ಹೋಯಿತು ಎಂದುಬಿಡಬಹುದಿತ್ತು. ಆದರೆ ಆ ಕಣ್ಣಿನ ಮುಂದೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಪೂರ್ತಿ ಇಲ್ಲ ಮಾವ," ಅಂದೆ, "ಅರ್ಧ ಹೋಗಿದೆ."

ಮಾವ ಕನ್ನಡಕ ತೆಗೆದು ಜೇಬಿಗಿಟ್ಟರು. ಆಮೇಲೆ ನನ್ನ ಮುಗಿದ ಕೈಗಳನ್ನು ತಮ್ಮೆರಡು ಕೈಗಳಲ್ಲಿ ಹಿಡಿದುಕೊಂಡರು.

"ನಡೆಯುತ್ತೆ ಬಿಡು," ಎಂದರು. "ಬಾ, ಸಾಲು ಶುರುವಾಯ್ತು."